ಗುಕೇಶ್–ಡಿಂಗ್ ಲಿರೆನ್, 2024ರ ವಿಶ್ವ ಚದುರಂಗ ಚಾಂಪಿಯನ್‌ಷಿಪ್‌ನ 11ನೆಯ ಆಟ

2024ರ ವಿಶ್ವ ಚದುರಂಗ ಚಾಂಪಿಯನ್‌ಷಿಪ್‌ನ 11ನೆಯ ಆಟವು ಡಿಸೆಂಬರ್ 8ರಂದು ಸಿಂಗಪುರದಲ್ಲಿ ಭಾರತದ ದೊಮ್ಮರಾಜು ಗುಕೇಶ್ ಹಾಗೂ ಅಂದಿನ ವಿಶ್ವವಿಜೇತ, ಚೀನಾದ ಡಿಂಗ್ ಲಿರೆನ್ ಅವರ ನಡುವೆ ನಡೆಯಿತು. ಬಿಳಿಯ ಕಾಯಿಗಳನ್ನು ಆಡಿದ ಗುಕೇಶ್ 29 ನಡೆಗಳಲ್ಲಿ ಗೆದ್ದರು. ಪಾರ್ಶ್ವ ಆರಂಭದಲ್ಲಿ ಮುಂದೆ ಸರಿದ ಬಿ-ಪದಾತಿಯು ತಾನು ಬಲಿಯಾಗಿ ಗೆಲುವಿಗೆ ದಾರಿ ತೆರೆದುದು ಈ ಆಟದ ವಿಶೇಷ.

ಹಿನ್ನೆಲೆ

ಮೊದಲನೆಯ ಆಟವನ್ನು ಡಿಂಗ್, ಮೂರನೆಯದನ್ನು ಗುಕೇಶ್ ಗೆದ್ದಿದ್ದರು. 4ರಿಂದ 10ರವರೆಗಿನ ಏಳೂ ಆಟಗಳು ಸಮವಾಗಿದ್ದವು. ಅಂಕ 5–5. ಉಳಿದಿದ್ದುದು ನಾಲ್ಕೇ ಆಟಗಳಾದುದರಿಂದ ಇಲ್ಲಿ ಸೋತವರಿಗೆ ಚೇತರಿಸಿಕೊಳ್ಳಲು ಅವಕಾಶ ಬಹಳ ಕಡಿಮೆಯಿತ್ತು.

ಆರಂಭ

ಮಣೆಯ ನಡುವಿನ ನಾಲ್ಕು ಮನೆಗಳನ್ನು ಪದಾತಿಗಳಿಂದ ಹಿಡಿಯಬೇಕೆಂದು ಹೊಸಬರಿಗೆ ಕಲಿಸುವುದು ವಾಡಿಕೆ. ಪಾರ್ಶ್ವ ಆರಂಭವು ಇದಕ್ಕೆ ಭಿನ್ನ. ಇಲ್ಲಿ ನಡುಭಾಗವನ್ನು ಎದುರಾಳಿಗೆ ಬಿಟ್ಟು, ಪಕ್ಕಗಳಿಂದ ಕುದುರೆ, ಒಂಟೆ ಮತ್ತು ಪದಾತಿಗಳ ಮೂಲಕ ಅದರ ಮೇಲೆ ಒತ್ತಡ ಹೇರಲಾಗುತ್ತದೆ. ಈ ಬಗೆಯ ರೇಟಿ ಆರಂಭಕ್ಕೆ ರಿಚರ್ಡ್ ರೇಟಿ (1889–1929) ಅವರ ಹೆಸರಿದೆ. 1924ರಲ್ಲಿ ನ್ಯೂಯಾರ್ಕ್‌ನಲ್ಲಿ ಅವರು ಎಂಟು ವರ್ಷಗಳಿಂದ ಸೋಲರಿಯದಿದ್ದ ಕಾಪಾಬ್ಲಾಂಕಾರನ್ನು ಇದರಿಂದಲೇ 31 ನಡೆಗಳಲ್ಲಿ ಸೋಲಿಸಿದರು. ಅಂದು ರೇಟಿಯವರ ಮೂರನೆಯ ನಡೆ ಬಿ4 ಪದಾತಿ. ನೂರು ವರ್ಷಗಳ ಬಳಿಕ ಗುಕೇಶ್ ಮೂರನೆಯ ನಡೆಯಲ್ಲಿ ಆಡಿದ್ದೂ ಅದನ್ನೇ.

ಆಟದ ಸಾಗಣೆ

ಮೊದಲು ಕುದುರೆ ಎಫ್3ಕ್ಕೆ, ಬಳಿಕ ಪದಾತಿ ಸಿ4ಕ್ಕೆ ಬಂದವು. ಡಿಂಗ್ ತಮ್ಮ ಪದಾತಿಯನ್ನು ಡಿ4ರವರೆಗೆ ಮುಂದೊತ್ತಿದರು. ಗುಕೇಶರ ಬಿ-ಪದಾತಿ 10ನೆಯ ನಡೆಯಲ್ಲಿ ಬಿ5ಕ್ಕೆ, 17ನೆಯದರಲ್ಲಿ ಬಿ6ಕ್ಕೆ ಏರಿತು. ಡಿಂಗ್‌ರ ಮಂತ್ರಿ 22ನೆಯ ನಡೆಯಲ್ಲಿ ಅದನ್ನು ಕಬಳಿಸಿತು. ಮೇಲುನೋಟಕ್ಕೆ ಇದೊಂದು ಉಚಿತ ಪದಾತಿ. ಆದರೆ ಅದು ತೊಲಗಿದೊಡನೆ ಬಿ-ಸಾಲು ತೆರೆಯಿತು. ಬಿಳಿಯ ಆನೆಗಳೆರಡೂ ಒಂದರ ಹಿಂದೊಂದು ಅಲ್ಲಿ ಬಂದು ನಿಂತು ಬಿ7ರ ಪದಾತಿಗೆ ಗುರಿಯಿಟ್ಟವು. ಬಿ1ರ ಕುದುರೆಯ ಪಯಣವನ್ನಂತೂ ವಿದ್ಯಾರ್ಥಿಗಳು ಮಣೆಯ ಮೇಲೆಯೇ ನಡೆಸಿ ನೋಡಬೇಕು: ಎ3, ಸಿ2, ಎ1, ಬಿ3, ಕೊನೆಗೆ ಸಿ5. ಮೂಲೆಗೆ ಹಿಂದಿರುಗಿದ ಕುದುರೆಯೇ ಎರಡು ನಡೆಗಳೊಳಗೆ ಎದುರಾಳಿಯ ಕೋಟೆಯೊಳಗಿತ್ತು.

ಮೊದಲ 40 ನಡೆಗಳಿಗೆ ಎರಡು ಗಂಟೆಗಳು ಮಾತ್ರ. ಅಲ್ಲಿಯವರೆಗೆ ನಡೆಗೊಮ್ಮೆ ಹೆಚ್ಚುವರಿ ಸೆಕೆಂಡುಗಳಿಲ್ಲ. ಸಮಯದ ಒತ್ತಡದಲ್ಲಿದ್ದ ಡಿಂಗ್ 28ನೆಯ ನಡೆಯಲ್ಲಿ ಮಂತ್ರಿಯನ್ನು ಸಿ8ಕ್ಕೆ ಸರಿಸಿದರು. ಗುಕೇಶ್ ತಮ್ಮ ಮಂತ್ರಿಯಿಂದ ಸಿ6ರ ಕುದುರೆಯನ್ನು ಹೊಡೆದರು. ಬಿ7ರ ಪದಾತಿಯಿಂದ ಆ ಮಂತ್ರಿಯನ್ನು ತೆಗೆದರೆ ಬಿ-ಸಾಲಿನಲ್ಲಿ ಬಿ8ರ ಆನೆಯೂ ಅದರ ಹಿಂದೆ ಕಪ್ಪು ಮಂತ್ರಿಯೂ ಹೋಗುತ್ತವೆ. ತೆಗೆಯದಿದ್ದರೆ ಕುದುರೆಯ ನಷ್ಟ. ಡಿಂಗ್ ಸೋಲೊಪ್ಪಿದರು.

ನಂತರ

ಮರುದಿನ ಡಿಂಗ್ ಇನ್ನೊಂದು ಪಾರ್ಶ್ವ ಆರಂಭವಾದ ಇಂಗ್ಲಿಷ್ ಆರಂಭದಿಂದ ಗೆದ್ದು 6–6 ಮಾಡಿದರು. ಡಿಸೆಂಬರ್ 12ರಂದು 14ನೆಯ ಆಟವನ್ನು ಗೆದ್ದ ಗುಕೇಶ್ 7.5–6.5 ಅಂಕಗಳಿಂದ, 18ರ ಹರೆಯದಲ್ಲಿ, ಅತಿ ಕಿರಿಯ ನಿರ್ವಿವಾದ ವಿಶ್ವವಿಜೇತರೆನಿಸಿದರು.