ತೋಟ ನೋಡುವ ಕಣ್ಣು ನಮ್ಮ ಮೇಲೂ ಇರಲಿ

ಮಳೆಗಾಲ ಬಂತೆಂದರೆ ಕಾಸರಗೋಡಿನ ಅಡಿಕೆ ಕೃಷಿಕರಾದ ನಮಗೆ ಕೊಳೆರೋಗದ್ದೇ ಚಿಂತೆ. ಮಳೆ ಬಲವಾಗುವ ಮೊದಲು ಒಂದು ಸಲ, 40–45 ದಿನ ಕಳೆದು ಇನ್ನೊಂದು ಸಲ ಬೋರ್ಡೋ ದ್ರಾವಣ ಸಿಂಪಡಿಸುತ್ತೇವೆ. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು ಎಂಬ ಲೆಕ್ಕ ಮನೆಯ ಮಕ್ಕಳಿಗೂ ಬಾಯಿಪಾಠ. ಮರದ ಬುಡದಲ್ಲಿ ನಾಲ್ಕು ಎಳೆ ಅಡಿಕೆ ಬಿದ್ದಿದ್ದರೆ ಎತ್ತಿ ತೊಟ್ಟು ನೋಡುತ್ತೇವೆ. ಗೊನೆಯೆಲ್ಲ ಕೊಳೆಯಲಿ ಎಂದು ಯಾರೂ ಕಾಯುವುದಿಲ್ಲ.

ಆದರೆ ನಮ್ಮ ಮನಸ್ಸಿನ ವಿಷಯದಲ್ಲಿ ಮಾತ್ರ ನಾವು ಕೊಳೆಯುವವರೆಗೂ ಕಾಯುತ್ತೇವೆ.

ಮಳೆ ಬಿಡದೆ ಎರಡನೆಯ ಸಿಂಪರಣೆ ತಡವಾಗುತ್ತದೆ. ಮರ ಹತ್ತುವವರು ಸಿಗುವುದಿಲ್ಲ. ಸಾಲದ ಕಂತು ಹತ್ತಿರ ಬರುತ್ತದೆ. ಮನೆಯ ಯಜಮಾನರು ರಾತ್ರಿ ಎರಡು ಗಂಟೆಗೆ ಎದ್ದು ಜಗಲಿಯಲ್ಲಿ ಕೂರುತ್ತಾರೆ. ಬೆಳಿಗ್ಗೆ ಗಂಜಿಗೆ ಉಪ್ಪು ಹೆಚ್ಚಾಯಿತೆಂದು ರೇಗುತ್ತಾರೆ. “ಏನಾಗಿದೆ ನಿಮಗೆ?” ಎಂದು ಹೆಂಡತಿ ಕೇಳಿದರೆ, “ಏನೂ ಇಲ್ಲ, ನೀನು ಸುಮ್ಮನಿರು” ಎಂಬ ಉತ್ತರ. ಸಿಟ್ಟು ಗಂಜಿಯ ಮೇಲಲ್ಲ, ಅದರ ಅಡಿಯಲ್ಲಿರುವುದು ಹೆದರಿಕೆ. ಹೆಂಗಸರಲ್ಲಿ ಇದೇ ಸಂಕಟ ಅನೇಕ ಸಲ ತಲೆನೋವು, ಬೆನ್ನುನೋವು, ಎದೆ ಡವಡವ ಎಂಬ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಎಲ್ಲರ ಊಟ ಮುಗಿದ ಮೇಲೆ ಉಣ್ಣುವ ಅವರು ತಮ್ಮ ನೋವನ್ನೂ ಕೊನೆಗೇ ಇಡುತ್ತಾರೆ.

ಹಾಗಾದರೆ ನಾವು ಮಾಡಬೇಕಾದುದೇನು?

ಸಂಜೆ ಕೈಕಾಲು ತೊಳೆದ ಮೇಲೆ ಐದು ನಿಮಿಷ ಕುಳಿತು, ‘ಇವತ್ತು ನನಗೆ ಏನನ್ನಿಸಿತು?’ ಎಂದು ಕೇಳಿಕೊಳ್ಳೋಣ. ಸಿಟ್ಟೋ, ಭಯವೋ, ನಾಚಿಕೆಯೋ, ಬರಿಯ ದಣಿವೋ? ಹೆಸರು ತಿಳಿದರೆ ದಾರಿಯೂ ತೋರುತ್ತದೆ. ದಣಿವಾದರೆ ವಿಶ್ರಾಂತಿ ಬೇಕು. ಸಾಲದ ಭಯವಾದರೆ ಅದನ್ನು ಮನೆಯವರಿಗೆ ತಿಳಿಸಿ, ಕಂತಿನ ದಿನ ದಾಟುವ ಮೊದಲೇ ಬ್ಯಾಂಕಿಗೆ ಹೋಗಿ ಮಾತಾಡಬೇಕು. ಮುಚ್ಚಿಟ್ಟ ಸಾಲ ಎರಡು ಪಟ್ಟು ಭಾರ.

ಕೆಲಸದ ಗಡಿಬಿಡಿಯಲ್ಲಿ ಊಟವನ್ನೂ ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನೂ ತಪ್ಪಿಸಬಾರದು. ನಿದ್ದೆಗೆಂದು ಕುಡಿಯುವ ಅಭ್ಯಾಸ ಬೇಡ. ಮದ್ಯ ಬೇಗ ಕಣ್ಣು ಮುಚ್ಚಿಸಿದರೂ ನಡುರಾತ್ರಿ ಎಚ್ಚರಿಸುತ್ತದೆ, ಮನಸ್ಸನ್ನು ಇನ್ನಷ್ಟು ಕುಗ್ಗಿಸುತ್ತದೆ.

ಬೇಸರ, ನಿದ್ದೆಗೇಡು, ಊಟ ಸೇರದಿರುವುದು, ತೋಟಕ್ಕೆ ಇಳಿಯಲೂ ಮನಸ್ಸಿಲ್ಲದಿರುವುದು ಎರಡು ವಾರ ಬಿಡದೆ ಕಾಡಿದರೆ ಆರೋಗ್ಯ ಕೇಂದ್ರದ ವೈದ್ಯರಿಗೆ ಹೇಳಬೇಕು. ಖಿನ್ನತೆ ಒಂದು ಕಾಯಿಲೆ, ಸೋಮಾರಿತನವಲ್ಲ. ಅದಕ್ಕೆ ಮದ್ದಿದೆ. ಮದ್ದಿನ ಗುಣ ತಿಳಿಯಲು ಕೆಲವು ವಾರಗಳು ಬೇಕು. ವೈದ್ಯರನ್ನು ಕೇಳದೆ ನಿಲ್ಲಿಸಬಾರದು.

“ನಾನಿದ್ದು ಏನು ಪ್ರಯೋಜನ?” ಎಂಬ ಮಾತು ಯಾರ ಬಾಯಿಂದ ಬಂದರೂ ತಮಾಷೆಯೆಂದು ಬಿಡಬಾರದು. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಬೇಕು. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ, ಎದೆಯ ಭಾರ ಇಳಿಯುತ್ತದೆ. ಅಂಥವರನ್ನು ಒಂಟಿಯಾಗಿ ಬಿಡಬಾರದು. ತೋಟದ ವಿಷದ ಔಷಧಿಗಳನ್ನು ಬೀಗ ಹಾಕಿಟ್ಟು, ಕೀಲಿಕೈ ಇನ್ನೊಬ್ಬರಲ್ಲಿರಲಿ. ಆ ಕೆಟ್ಟ ಗಳಿಗೆ ಅನೇಕ ಸಲ ಬೇಗನೆ ದಾಟಿಹೋಗುತ್ತದೆ. ಶ್ರೀಲಂಕಾದಲ್ಲಿ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ ಮೇಲೆ, 1995ರಿಂದ 2015ರ ನಡುವೆ ಆತ್ಮಹತ್ಯೆಗಳು ಶೇಕಡಾ 70ರಷ್ಟು ಇಳಿದವು. ವಿಷ ಕೈಗೆಟುಕದಿದ್ದರೆ ಜೀವ ಉಳಿಯುತ್ತದೆ ಎಂಬುದಕ್ಕೆ ಇದೇ ಸಾಕ್ಷಿ.

ಪೊಲೀಸರ ಭಯದಿಂದ ಮುಚ್ಚಿಡುವ ಅಗತ್ಯವೂ ಇಲ್ಲ. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿರುವವರೆಂದೇ ತಿಳಿದು, ಶಿಕ್ಷೆಯ ಬದಲು ಆರೈಕೆ ಕೊಡಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯಿದೆ ಹೇಳುತ್ತದೆ. ಕೇಂದ್ರ ಸರಕಾರ 2022ರಲ್ಲಿ ಆರಂಭಿಸಿದ ‘ಟೆಲಿ ಮಾನಸ್’ ಸೇವೆಗೆ 14416 ಸಂಖ್ಯೆಯಲ್ಲಿ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೂ ಮಲಯಾಳದಲ್ಲೂ ಮಾತಾಡಬಹುದು.

ಭಾನುವಾರ ಪೂಜೆ ಮುಗಿದು ಇಗರ್ಜಿಯ ಅಂಗಳದಲ್ಲಿ ನಿಂತಾಗ ನಾವು ಅಡಿಕೆಯ ಧಾರಣೆ ಕೇಳುತ್ತೇವೆ, ಮಳೆಯ ಲೆಕ್ಕ ಕೇಳುತ್ತೇವೆ. ಮುಂದಿನ ಭಾನುವಾರ ಇನ್ನೊಂದು ಮಾತು ಸೇರಿಸೋಣ: “ಅಣ್ಣಾ, ರಾತ್ರಿ ನಿದ್ದೆ ಬರುತ್ತದಾ?” ಉತ್ತರ ಬರುವವರೆಗೆ ಅಲ್ಲೇ ನಿಲ್ಲೋಣ.