ಹೇನಿನಿಂದ ಹುಟ್ಟಿದ್ದು, ಹಾಸಿಗೆಯಲ್ಲಿ ಸಿಲುಕಿದ್ದು

1919ರ ಡಿಸೆಂಬರ್. ಅಂತರ್ಯುದ್ಧ ಉರಿಯುತ್ತಿದ್ದಾಗ ಸೋವಿಯತ್ತುಗಳ ಸಮಾವೇಶದಲ್ಲಿ ಲೆನಿನ್ ಹೇನಿನ ಮಾತೆತ್ತಿದರು. ಒಂದೋ ಸಮಾಜವಾದ ಹೇನನ್ನು ಗೆಲ್ಲಬೇಕು, ಇಲ್ಲವೇ ಹೇನು ಸಮಾಜವಾದವನ್ನು ಗೆಲ್ಲುತ್ತದೆ ಎಂಬುದು ಅವರ ಮಾತಿನ ತಾತ್ಪರ್ಯ. ಅದರಲ್ಲಿ ಉತ್ಪ್ರೇಕ್ಷೆ ಇರಲಿಲ್ಲ. ಹೇನು ಹರಡುವ ಟೈಫಸ್ ಜ್ವರಕ್ಕೆ ಆ ವರ್ಷಗಳಲ್ಲಿ ಲಕ್ಷಾಂತರ ಜನ ಬಲಿಯಾಗುತ್ತಿದ್ದರು. ಆರೋಗ್ಯ ಖಾತೆಯ ಮೊದಲ ಕಮಿಸಾರ್ ನಿಕೊಲಾಯ್ ಸೆಮಾಷ್ಕೊ ಕಟ್ಟಿದ ವ್ಯವಸ್ಥೆಗೆ ಈ ಭಯವೇ ತಳಪಾಯ. 1922ರಲ್ಲಿ ನೈರ್ಮಲ್ಯ ಇಲಾಖೆ ಕಟ್ಟಲು ಆದೇಶ ಹೊರಟಿತು. ಮುಂದೆ ಉಕ್ರೇನ್ ಸೇರಿ ಎಲ್ಲ ಸೋವಿಯತ್ ಗಣರಾಜ್ಯಗಳಲ್ಲೂ ಅದೇ ಅಚ್ಚಿನ ‘ಎಸ್‌ಇಎಸ್’, ಅಂದರೆ ನೈರ್ಮಲ್ಯ ಮತ್ತು ಸಾಂಕ್ರಾಮಿಕ ರೋಗ ಕೇಂದ್ರಗಳು, ಜಿಲ್ಲೆ ಜಿಲ್ಲೆಗೂ ಎದ್ದವು. ನೀರು ಪರೀಕ್ಷೆ, ಊಟದ ಮನೆಗಳ ತಪಾಸಣೆ, ಲಸಿಕೆ, ರೋಗದ ಮೂಲ ಹುಡುಕುವುದು ಎಲ್ಲಕ್ಕೂ ಒಂದೇ ಇಲಾಖೆ.

ಅದು ಕೆಲಸ ಮಾಡಿತು ಎಂಬುದನ್ನು ಒಪ್ಪದಿದ್ದರೆ ಮುಂದಿನ ಕಥೆ ಅರ್ಥವಾಗುವುದಿಲ್ಲ. ಸಿಡುಬನ್ನು ಭೂಮಿಯಿಂದಲೇ ಅಳಿಸೋಣ ಎಂದು 1958ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮುಂದೆ ಪ್ರಸ್ತಾವ ಇಟ್ಟವರು ಸೋವಿಯತ್ ವೈರಾಣು ತಜ್ಞ ವಿಕ್ಟರ್ ಝ್ದಾನೊವ್. ಭಾರತದ ಸಿಡುಬು ಅಭಿಯಾನಕ್ಕೂ ಸೋವಿಯತ್ ಒಕ್ಕೂಟದಿಂದ ಲಸಿಕೆ ಹರಿದು ಬಂತು. ತೋಳಿನ ಮೇಲೆ ಆ ಕಲೆ ಇರುವ ನಮ್ಮ ಹಿರಿಯರಲ್ಲಿ ಎಷ್ಟೋ ಜನ ಆ ವ್ಯವಸ್ಥೆಗೆ ಋಣಿಗಳು.

ಕೆಟ್ಟದ್ದು ನಿಧಾನವಾಗಿ. ಆಸ್ಪತ್ರೆಗೆ ದುಡ್ಡು ಬರುತ್ತಿದ್ದುದು ಹಾಸಿಗೆಗಳ ಲೆಕ್ಕದಲ್ಲಿ. ಎಷ್ಟು ಮಂದಿ ಗುಣವಾದರು ಎಂದು ಕೇಳುವವರಿರಲಿಲ್ಲ, ಎಷ್ಟು ಹಾಸಿಗೆ ತುಂಬಿವೆ ಎಂದಷ್ಟೇ ಕೇಳುತ್ತಿದ್ದರು. ಹೀಗಾಗಿ ಹಾಸಿಗೆ ತುಂಬಿಸುವುದೇ ಕಸುಬಾಯಿತು. ಮನೆಯಲ್ಲೇ ಮಾತ್ರೆ ನುಂಗಿ ವಾಸಿಯಾಗಬಹುದಾದ ಕ್ಷಯರೋಗಿಗಳೂ ತಿಂಗಳುಗಟ್ಟಲೆ ವಾರ್ಡಿನಲ್ಲಿ ಮಲಗಿದರು. ಒಕ್ಕೂಟ ಒಡೆದ ಮೇಲೆ ದುಡ್ಡು ನಿಂತಿತು, ಹಾಸಿಗೆಗಳು ಉಳಿದವು. 1990ರ ದಶಕದಲ್ಲಿ ಡಿಫ್ತೀರಿಯಾ ಮರಳಿ ಬಂದು ಒಂದೂವರೆ ಲಕ್ಷಕ್ಕೂ ಹೆಚ್ಚು ಜನರಿಗೆ ತಗುಲಿತು, ಸುಮಾರು 5,000 ಮಂದಿ ಸತ್ತರು. ಮಗುವಿಗೆ ಸಣ್ಣ ಕಾಯಿಲೆ ಇದ್ದರೂ ಲಸಿಕೆ ಬೇಡ ಎನ್ನುವ ಉದ್ದನೆಯ ಪಟ್ಟಿಯನ್ನು ವೈದ್ಯರು ಪಾಲಿಸುತ್ತಿದ್ದುದೂ ಅದಕ್ಕೊಂದು ಕಾರಣ.

ಉಕ್ರೇನಿನಲ್ಲಿ ಈ ಗಂಟು ಇನ್ನೂ ಬಿಗಿ. 1996ರ ಸಂವಿಧಾನದ 49ನೇ ವಿಧಿ ಉಚಿತ ಚಿಕಿತ್ಸೆಯ ಭರವಸೆ ಕೊಟ್ಟು ಸುಮ್ಮನಾಗಲಿಲ್ಲ. ಈಗಿರುವ ಸರ್ಕಾರಿ ಆಸ್ಪತ್ರೆಗಳ ಜಾಲವನ್ನು ಕಡಿಮೆ ಮಾಡುವಂತಿಲ್ಲ ಎಂದೂ ಬರೆಯಿತು. ಜನರ ಆತಂಕಕ್ಕೆ ಆಗ ಅದು ಸಾಂತ್ವನ. ಆದರೆ ರೋಗಿಗಳೇ ಇಲ್ಲದ ಆಸ್ಪತ್ರೆ ಮುಚ್ಚಲು ಹೊರಟ ಪ್ರತಿ ಮಂತ್ರಿಗೂ ಆ ಸಾಲು ಅಡ್ಡ ಬಂತು. ಇತ್ತ ಎಸ್‌ಇಎಸ್ ಲಂಚಕ್ಕೆ ಹೆಸರಾಯಿತು. ಅಂಗಡಿ ತೆರೆಯುವವನಿಗೆ ಅದರ ಮುದ್ರೆ ಬೇಕು, ಮುದ್ರೆಗೆ ‘ಖರ್ಚು’ ಬೇಕು.

ನಂಬಿಕೆಯೂ ಹೋಯಿತು. 2008ರಲ್ಲಿ ದಡಾರ-ರುಬೆಲ್ಲಾ ಅಭಿಯಾನ ನಡೆದಾಗ ಕ್ರಮತೋರ್ಸ್ಕ್ ಪಟ್ಟಣದಲ್ಲಿ ಲಸಿಕೆ ಪಡೆದಿದ್ದ ಹದಿಹರೆಯದ ಹುಡುಗನೊಬ್ಬ ತೀರಿಕೊಂಡ. ಲಸಿಕೆ ಭಾರತದಲ್ಲಿ ತಯಾರಾದದ್ದು. ಸಾವಿಗೆ ಅದು ಕಾರಣವಲ್ಲ ಎಂದು ತಜ್ಞರು ಹೇಳಿದರು. ಆ ಹೊತ್ತಿಗೆ ಅಭಿಯಾನವೇ ನಿಂತಿತ್ತು. ಮುಂದಿನ ವರ್ಷಗಳಲ್ಲಿ ಲಸಿಕೆ ಖರೀದಿಯೂ ಗೋಜಲಾಗಿ, 2015ರಲ್ಲಿ ಆ ಕೆಲಸವನ್ನು ಸಚಿವಾಲಯದಿಂದ ಕಿತ್ತು ಯುನಿಸೆಫ್‌ನಂಥ ಹೊರಗಿನ ಸಂಸ್ಥೆಗಳಿಗೆ ಒಪ್ಪಿಸಬೇಕಾಯಿತು. ಒಂದು ದೇಶ ತನ್ನದೇ ಕೈಗೆ ಹಾಕಿಕೊಂಡ ಬೇಡಿ ಅದು, ಹಾಕಿಕೊಂಡದ್ದು ಸರಿಯೇ. 2016ರ ಹೊತ್ತಿಗೆ ದಡಾರ ಲಸಿಕೆಯ ಎರಡನೇ ಡೋಸ್ ಪಡೆದ ಮಕ್ಕಳು ಶೇ 31 ಮಾತ್ರ.

ನೆಗಡಿ ಬಂತೆಂದು ಮೂಗು ಕೊಯ್ದುಕೊಂಡದ್ದು ಇದರ ನಡುವೆಯೇ. ಲಂಚದ ಇಲಾಖೆ ಬೇಡ ಎಂಬ ಕೂಗು ಜನಪ್ರಿಯವಾಗಿತ್ತು. 2017ರಲ್ಲಿ ಎಸ್‌ಇಎಸ್ ಅನ್ನು ಅಧಿಕೃತವಾಗಿ ಮುಚ್ಚಲಾಯಿತು. ತಪಾಸಣೆಯ ಅಧಿಕಾರ ಆಹಾರ ಸುರಕ್ಷತೆಯ ಇಲಾಖೆಗೆ ಹೋಯಿತು. ಪ್ರಯೋಗಾಲಯಗಳು ಒಂದು ಕಡೆ, ಅಧಿಕಾರ ಇನ್ನೊಂದು ಕಡೆ. 2015ರಲ್ಲಿ ಹುಟ್ಟಿದ ಸಾರ್ವಜನಿಕ ಆರೋಗ್ಯ ಕೇಂದ್ರದಲ್ಲಿ ಒಳ್ಳೆಯ ತಜ್ಞರಿದ್ದರು, ಆದರೆ ಅದಕ್ಕೆ ಕಾನೂನಿನ ಬಲವಿರಲಿಲ್ಲ. 2018ರಲ್ಲಿ 53,000ಕ್ಕೂ ಹೆಚ್ಚು ಜನರಿಗೆ ದಡಾರ ಬಂತು. ಯುರೋಪಿನಲ್ಲೇ ಅತಿ ಹೆಚ್ಚು.

ಅದೇ ವರ್ಷ ಚಿಕಿತ್ಸೆಯ ಕಡೆ ಮಾತ್ರ ದೊಡ್ಡ ಹೆಜ್ಜೆ ಬಿತ್ತು. ಅಮೆರಿಕದಲ್ಲಿ ಹುಟ್ಟಿ ಬೆಳೆದ ವೈದ್ಯೆ ಉಲಾನಾ ಸುಪ್ರುನ್ ಹಂಗಾಮಿ ಆರೋಗ್ಯ ಮಂತ್ರಿಯಾಗಿದ್ದಾಗ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾಗಿ, ಹಣ ಹಾಸಿಗೆಯ ಬದಲು ರೋಗಿಯ ಹಿಂದೆ ಹೋಗತೊಡಗಿತು. ಜನ ತಮಗೆ ಬೇಕಾದ ಕುಟುಂಬ ವೈದ್ಯರನ್ನು ಆರಿಸಿಕೊಂಡು ‘ಡೆಕ್ಲರೇಷನ್’ಗೆ ಸಹಿ ಹಾಕಿದರು. ವಿರೋಧಿಗಳಿಂದ ಮಂತ್ರಿಗೆ ‘ಡಾಕ್ಟರ್ ಡೆತ್’ ಎಂಬ ಬಿರುದೂ ಸಿಕ್ಕಿತು. ನನ್ನ ಮಟ್ಟಿಗೆ ಇಲ್ಲೊಂದು ವಿಚಿತ್ರವಿದೆ: ಚಿಕಿತ್ಸೆಗೆ ಮತ ಹಾಕುವ ರೋಗಿ ಇದ್ದಾನೆ, ಬಾರದೇ ಉಳಿದ ರೋಗಕ್ಕೆ ಮತದಾರನಿಲ್ಲ. ಹಾಗಾಗಿಯೇ ಸಾರ್ವಜನಿಕ ಆರೋಗ್ಯದ ಕಾನೂನು ಸರದಿಯ ಕೊನೆಗೆ ನಿಂತಿತು.

2021ರಲ್ಲಿ ಹಳೆಯ ಪ್ರಯೋಗಾಲಯಗಳನ್ನೇ ಪ್ರಾಂತೀಯ ರೋಗ ನಿಯಂತ್ರಣ ಕೇಂದ್ರಗಳಾಗಿ ಬದಲಿಸಲಾಯಿತು. ಆ ವರ್ಷವೇ ರಿವ್ನೆ ಪ್ರಾಂತ್ಯದಲ್ಲಿ ಪೋಲಿಯೊ ಕಾಣಿಸಿಕೊಂಡಿತು. 2022ರ ಫೆಬ್ರುವರಿ 1ರಂದು ಲಸಿಕೆ ಬಿಟ್ಟುಹೋಗಿದ್ದ ಮಕ್ಕಳಿಗಾಗಿ ಅಭಿಯಾನ ಶುರುವಾಯಿತು. 24ಕ್ಕೆ ಯುದ್ಧ. ನಮ್ಮವರಿಗೆ ಉಕ್ರೇನ್ ಪರಿಚಯವಾದದ್ದೇ ಆಗ, ಖಾರ್ಕಿವ್‌ನ ಬಂಕರುಗಳಿಂದ ಮನೆಗೆ ಫೋನ್ ಮಾಡುತ್ತಿದ್ದ ಕರ್ನಾಟಕದ ವೈದ್ಯ ವಿದ್ಯಾರ್ಥಿಗಳ ಮೂಲಕ. ಲಸಿಕೆ ಹಾಕುವುದು ಮಾತ್ರ ನಿಲ್ಲಲಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಸಂಸತ್ತು ಸಾರ್ವಜನಿಕ ಆರೋಗ್ಯ ಕಾನೂನನ್ನು ಒಪ್ಪಿತು. ಮರುವರ್ಷ ಸೆಪ್ಟೆಂಬರ್‌ನಲ್ಲಿ ಪೋಲಿಯೊ ನಿಂತಿತೆಂದು ಘೋಷಣೆಯಾಯಿತು, ಅಕ್ಟೋಬರ್ 1ರಿಂದ ಕಾನೂನು ಜಾರಿಗೆ ಬಂತು. ಎಸ್‌ಇಎಸ್ ಮುಚ್ಚಿ ಆಗಲೇ ಆರು ವರ್ಷ ಕಳೆದಿತ್ತು.