ಹೀರೊ ಅಂದರೆ ಯಾರು? ಅಮೈ ಮಹಾಲಿಂಗ ನಾಯ್ಕರ ಸುರಂಗ ಹೇಳುವ ಪಾಠ

ಏಪ್ರಿಲ್ ಬಂತು ಅಂದರೆ ಯಡ್ತರೆ ಕಡೆ ಯಾರು ಎದುರು ಸಿಕ್ಕರೂ ಕೇಳುವುದು ಒಂದೇ: "ನಿಮ್ಮ ಬಾಮಿಲಿ ನೀರ್ ಇತ್ತಾ?" ನಾಲ್ಕು ತಿಂಗಳು ಜಡಿಮಳೆ ಸುರಿಯುವ ಊರು ನಮ್ಮದು. ಆದರೆ ಗುಡ್ಡದ ಮೇಲೆ ಬಿದ್ದ ನೀರು ತೋಡು ಸೇರಿ, ನೋಡುನೋಡುತ್ತಲೇ ಕಡಲು ಸೇರುತ್ತದೆ. ಬೇಸಿಗೆಯಲ್ಲಿ ತೋಟ ಒಣಗುತ್ತದೆ. ಸಾಲ ಮಾಡಿ ಕೊರೆಸಿದ ಬೋರ್‌ವೆಲ್‌ನಲ್ಲಿ ಬರೀ ಧೂಳು ಬಂದರೆ "ಕೃಷಿಯೇ ಬೇಡ, ಬೆಂಗಳೂರಿಗೆ ಹೋಗ್ತೆ" ಅನ್ನಿಸುವುದು ಸಹಜ.

ಹಾಗೆ ಅನ್ನಿಸಿದ ದಿನ ನೆನಪಿಸಿಕೊಳ್ಳಬೇಕಾದ ಹೆಸರು ಅಮೈ ಮಹಾಲಿಂಗ ನಾಯ್ಕ. ಊರು ಪಕ್ಕದ ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ ತಾಲೂಕಿನ ಕೇಪು. ಬೇರೆಯವರ ಅಡಿಕೆ ತೋಟದಲ್ಲಿ ಕೂಲಿ ಮಾಡುತ್ತಿದ್ದ ಅವರಿಗೆ 1970ರ ದಶಕದ ಕೊನೆಯಲ್ಲಿ ಸಿಕ್ಕಿದ್ದು ಎರಡು ಎಕರೆ ಬೋಳುಗುಡ್ಡ. ಅಲ್ಲಿ ಹನಿ ನೀರಿಲ್ಲ.

ಅವರು ಆರಿಸಿಕೊಂಡ ದಾರಿ ಸುರಂಗ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದು, ಒಳಗೆ ಒಸರುವ ನೀರನ್ನು ಹೊರಗೆ ಹರಿಸುವ ಹಳೆಯ ಪದ್ಧತಿ ಇದು. ಕಾಸರಗೋಡು, ದಕ್ಷಿಣ ಕನ್ನಡದಲ್ಲಿ ಈಗಲೂ ಇದೆ. ಹಗಲು ಕೂಲಿ, ಸಂಜೆ ಮೇಲೆ ದೀಪ ಇಟ್ಟುಕೊಂಡು ಒಬ್ಬರೇ ಅಗೆತ. ಮೊದಲ ಸುರಂಗದಲ್ಲಿ ನೀರಿಲ್ಲ. ಎರಡನೆಯದರಲ್ಲೂ ಇಲ್ಲ. ವರ್ಷಗಟ್ಟಲೆ ಹೀಗೇ. ಜನ ನಕ್ಕರು. ಅವರು ಬಿಡಲಿಲ್ಲ, ಕೊನೆಗೆ ನೀರು ಬಂತು! ಇಳಿಜಾರನ್ನು ಕಲ್ಲು ಕಟ್ಟಿ ಮೆಟ್ಟಿಲು ಮಾಡಿ, ಕರೆಂಟಿಲ್ಲದೆ ಮೇಲಿಂದ ಕೆಳಗೆ ನೀರು ಹರಿಸಿ ಅಡಿಕೆ, ತೆಂಗು, ಬಾಳೆ, ಕಾಳುಮೆಣಸು ಬೆಳೆಸಿದರು. ಪದ್ಮಶ್ರೀ ಬಂದದ್ದು 2022ರಲ್ಲಿ, ನಾಲ್ಕು ದಶಕದ ನಂತರ.

ಪ್ರಶಸ್ತಿ ಬಂದ ದಿನ ಅವರು ಹೀರೊ ಆದದ್ದಲ್ಲ. ಖಾಲಿ ಸುರಂಗದಿಂದ ಹೊರಗೆ ಬಂದು, ಮರುದಿನ ಮತ್ತೆ ಪಿಕ್ಕಾಸಿ ಹಿಡಿದರಲ್ಲ, ಆವತ್ತೇ ಆಗಿದ್ದರು. ಆಗ ನೋಡುವವರೂ ಇರಲಿಲ್ಲ, ಲೈಕ್ ಒತ್ತುವವರೂ ಇರಲಿಲ್ಲ. ಇನ್ನೊಂದು ಮಾತು: ಅವರು ಸೋತಾಗ ಕಳೆದುಕೊಂಡದ್ದು ಬೆವರನ್ನು. ಸಾಲದ ಮೇಲೆ ಸಾಲ ಮಾಡಿ ಮೂರನೇ ಬೋರ್ ಕೊರೆಸುವುದು ಛಲ ಅಲ್ಲ, ಜೂಜು.

ಹಾಗಂತ ನಾಳೆಯೇ ಒಬ್ಬರೇ ಸುರಂಗ ತೋಡಲು ಹೊರಡಬೇಡಿ. ಮಣ್ಣು ಕುಸಿಯಬಹುದು, ಒಳಗೆ ಉಸಿರು ಕಟ್ಟಬಹುದು. ಅದೇ ಛಲವನ್ನು ಇಲ್ಲಿ ತೋರಿಸಿ:

1. ಮಾಡಿನ ನೀರನ್ನು ಜಲ್ಲಿ, ಮರಳಿನಲ್ಲಿ ಸೋಸಿ ಬಾವಿಗೆ ಬಿಡಿ. 100 ಚದರ ಮೀಟರ್ ಮಾಡಿನ ಮೇಲೆ 10 ಮಿ.ಮೀ. ಮಳೆ ಬಿದ್ದರೆ ಹೆಚ್ಚುಕಡಿಮೆ 1,000 ಲೀಟರ್ ನೀರು.

2. ಮಳೆ ನಿಂತ ಮೇಲೆ, ಹರಿವು ಇರುವಾಗಲೇ, ನೆರೆಕರೆಯವರು ಸೇರಿ ತೋಡಿಗೆ ಕಟ್ಟ ಹಾಕಿ. ಸುತ್ತಲಿನ ಬಾವಿಗಳಿಗೆ ಅನುಕೂಲ.

3. ಇಳಿಜಾರು ಕಡಿಮೆ ಇರುವಲ್ಲಿ ಇಂಗುಗುಂಡಿ ಮಾಡಿ. ಕಡಿದಾದ ಗುಡ್ಡ, ಬಿರುಕು ಬಿಟ್ಟ ಧರೆ, ಮನೆಯ ಹಿಂದಿನ ಬರೆ – ಇಲ್ಲಿ ಬೇಡವೇ ಬೇಡ, ಜರಿಯುತ್ತದೆ.

4. ಮರದ ಬುಡಕ್ಕೆ ಸೋಗೆ, ತರಗೆಲೆ ಮುಚ್ಚಿ. ತೇವ ಉಳಿಯುತ್ತದೆ.

ಇಷ್ಟು ಮಾಡಿದರೂ ಮೊದಲ ವರ್ಷವೇ ಬಾವಿ ತುಂಬದಿರಬಹುದು. ಪ್ರತಿ ತಿಂಗಳ ಒಂದನೇ ತಾರೀಕು ಹಗ್ಗ ಇಳಿಸಿ ನೀರಿನ ಮಟ್ಟ ಅಳೆದು, ಮೊಬೈಲ್‌ನಲ್ಲಿ ಬರೆದಿಡಿ. ಬರುವ ಏಪ್ರಿಲ್‌ನಲ್ಲಿ ಒಂದು ಅಡಿ ಹೆಚ್ಚು ಕಂಡರೆ, ಅದು ನಿಮ್ಮದೇ ಗೆಲುವು.